ಓವರ್‌ಟೈಮಿನ ಎಂಟು ಸಾವಿರ

ಮೂವತ್ತನೆಯ ಅಂತಸ್ತಿನಿಂದ ಧುಮುಕುತ್ತಿದ್ದ ಲಿಫ್ಟನ್ನು ಎಡಗೈಯ ಕಿರುಬೆರಳಿಗೆ ಸಿಕ್ಕಿಸಿ ನಿಲ್ಲಿಸಿ, ಬಲಗೈಯಲ್ಲಿ ಡಬ್ಬಿ ಬಿಚ್ಚಿ ಉಂಡವನು ಮೂರು ಲೋಕದಲ್ಲಿ ಒಬ್ಬನೇ: ನಮ್ಮ ಲಿಫ್ಟ್ ಮೇಸ್ತ್ರಿ. ಒಳಗಿದ್ದ ಹದಿನೆಂಟು ಜನ ಅವನು ಕೈ ತೊಳೆಯುವವರೆಗೂ ಉಸಿರೆತ್ತದೆ ಕಾದರಂತೆ. ಇಂಥವನಿಗೆ ಮನೆಸಾಲ ಯಾವ ಗಿಡದ ತಪ್ಪಲು?

ಹದಿನೈದು ವರ್ಷದ ಕಂತಿಗೆ ಎರಡು ಕೋಣೆಯ ಮನೆ ಕೊಂಡ ದಿನ ಅತ್ತೆ ಬಂದು, ಸಾಲ ತೀರುವಷ್ಟರಲ್ಲಿ ನನ್ನ ಮಗಳ ತಲೆಯೂ ಈ ಗೋಡೆಯ ಹಾಗೆ ಬೆಳ್ಳಗಾಗಿರುತ್ತದೆ ಎಂದಿದ್ದರು. ಮೇಸ್ತ್ರಿ ಮೀಸೆಯ ಮೇಲೆ ಕೈಯಿಟ್ಟ. ತಿಂಗಳಿಗೆ ಎಂಟು ಸಾವಿರ ಓವರ್‌ಟೈಮ್ ದುಡಿದು ಕಂತಿನ ಮೇಲೆ ಹೆಚ್ಚಿಗೆ ಕಟ್ಟುತ್ತೇನೆ, ಬ್ಯಾಂಕಿನವರೇ ಸಾಕಪ್ಪಾ ಎಂದು ಕಾಲು ಹಿಡಿಯಬೇಕು ಎಂದ.

ಮರುತಿಂಗಳೇ ಕಂಪನಿ ಓವರ್‌ಟೈಮ್ ನಿಲ್ಲಿಸಿತು. ಆಡಿದ ಮಾತು ಬಾಯಲ್ಲಿ ಬಿಸಿತುಪ್ಪವಾಯಿತು. ಮೇಸ್ತ್ರಿ ಮಾಡಿದ್ದಿಷ್ಟೇ: ಕ್ರೆಡಿಟ್ ಕಾರ್ಡಿನಿಂದ ಎಂಟು ಸಾವಿರ ನಗದು ತೆಗೆದು ಮನೆಸಾಲಕ್ಕೆ ಕಟ್ಟಿದ. ಆಮೇಲೂ ತಿಂಗಳು ತಿಂಗಳು, ಒಟ್ಟು ಹನ್ನೊಂದು ಸಲ. ನೂರಕ್ಕೆ ಒಂಬತ್ತರ ಸಾಲ ತೀರಿಸಲು ನೂರಕ್ಕೆ ನಲವತ್ತರ ಸಾಲ ಮಾಡಿದ ಮಹಾನುಭಾವ!

ಹೆಂಡತಿಗೆ ಇದು ಗೊತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅವಳು ಕಂತಿನ ಪಟ್ಟಿಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದಳು. ಅವನು ಎಂಟು ಸಾವಿರ ಕಟ್ಟಿದಾಗಲೆಲ್ಲ ಪಟ್ಟಿಯ ಬುಡದಿಂದ ತಿಂಗಳುಗಳನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿ, ಅಂದು ದಿನವಿಡೀ ಏನನ್ನೋ ಗುನುಗುವಳು. ಹದಿನಾಲ್ಕು ತಿಂಗಳು ಹಾಗೆ ಮಾಯವಾಗಿದ್ದವು. ಆ ಗುನುಗು ನಿಂತುಹೋದೀತೆಂಬ ಹೆದರಿಕೆಗೇ ಮೇಸ್ತ್ರಿಯ ನಾಲಿಗೆ ಇಷ್ಟು ದಿನ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ಅಂಗಡಿಯವರು ಎರಡು ವರ್ಷದ ಸಂಬಳದ ಹಿಂಬಾಕಿ ಕೊಟ್ಟಿದ್ದರು: ಒಂದು ಲಕ್ಷ ಇಪ್ಪತ್ತು ಸಾವಿರ. ಅಷ್ಟನ್ನೂ ಮನೆಸಾಲಕ್ಕೇ ಹಾಕೋಣ ಎಂದಳು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಅರ್ಥಶಾಸ್ತ್ರ ಶುರುಮಾಡಿದ. ಜಾಣರು ಮೊದಲು ಕಾರ್ಡ್ ಸಾಲ ತೀರಿಸುತ್ತಾರಂತೆ. ಮನೆಸಾಲ ಮುದಿ ಆಮೆ, ಕಾರ್ಡ್ ಸಾಲ ಹಸಿದ ತೋಳ. ತೋಳ ಬಾಗಿಲಲ್ಲಿರುವಾಗ ಆಮೆಗೆ ಯಾರಾದರೂ ಬಡಿಗೆ ಎತ್ತುತ್ತಾರೆಯೇ?

"ತೋಳ ಯಾರ ಬಾಗಿಲಲ್ಲಿದೆ ರೀ?"

ತನ್ನ ಸಹಾಯಕನಿಗೊಬ್ಬ ಭಾವ ಇದ್ದಾನೆ, ಪಾಪ, ಅವನ ಬಾಗಿಲಲ್ಲಿ ಎಂದ. ಭಾವನ ಕಷ್ಟವನ್ನು ಎಷ್ಟು ಚೆನ್ನಾಗಿ ಬಣ್ಣಿಸಿದನೆಂದರೆ ತನ್ನ ಕಣ್ಣೇ ಒದ್ದೆಯಾಯಿತು.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ವರ್ಷದಿಂದ ದಿನಾ ಆರು ಗಂಟೆಗೆ ಮನೇಲಿ ಇರ್ತೀರಿ. ಓವರ್‌ಟೈಮ್ ಮಾಡೋದು ಯಾವಾಗ?"

ಎಂಟು ಸುಳ್ಳು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಒಂದೂ ಕೆಳಗಿಳಿಯಲಿಲ್ಲ.

"ಮಾಡಿಲ್ಲ ಕಣೆ. ಎಲ್ಲಾ ಕಾರ್ಡಿಂದ ತೆಗೆದಿದ್ದು."

ಅವಳು ಬೀರು ತೆರೆದು ಕೆಂಪು ಗೀರುಗಳನ್ನು ನೋಡಿ, ಬಾಗಿಲು ಮುಚ್ಚಿ, ಬಂದು ಎದುರಿಗೆ ಕೂತಳು.

"ಎಷ್ಟು?"

"ತೊಂಬತ್ತೆರಡು ಸಾವಿರ."

"ಇವತ್ತೇ ಕಟ್ಟೋಣ. ಉಳಿದಿದ್ದು ಮನೆಗೆ. ಅಮ್ಮನಿಗೆ ನಾನೇನೂ ಹೇಳಲ್ಲ, ನೀವೇ ಹೇಳಿ." ಚೀಟಿಯ ಹಿಂದೆ ಲೆಕ್ಕ ಬರೆಯುತ್ತಾ ಕೇಳಿದಳು: "ಕಾರ್ಡ್ ಒಂದೇ ತಾನೇ?"

"ಒಂದೇ."

ಅವಳ ಪೆನ್ಸಿಲ್ ನಿಂತಿತು.

"ಎರಡು," ಎಂದ ಮೇಸ್ತ್ರಿ. "ಇನ್ನೊಂದರಲ್ಲಿ ಹತ್ತೊಂಬತ್ತು ಸಾವಿರ. ಮೊದಲನೇದರ ಬಡ್ಡಿ ಕಟ್ಟೋಕೆ ತಗೊಂಡಿದ್ದು."