ಮತ್ತೆ ಅದೇ ಹಳೇ ಬಟ್ಟೆ

ನಾನು ಒಂದು ಹೊಲಿಗೆ ಯಂತ್ರ. ಕಾರ್ಖಾನೆಯಿಂದ ಹೊರಬಿದ್ದಾಗ ನನ್ನ ಕಪ್ಪು ಮೈಮೇಲೆ ಬಂಗಾರದ ಬಣ್ಣದ ಬಳ್ಳಿಗಳಿದ್ದವು. ಬೆಟಗೇರಿಯ ದರ್ಜಿ ನಾಮದೇವ ಪಿಸೆ ನನ್ನನ್ನು ಕೊಂಡು, ಚಕ್ರಕ್ಕೆ ಕುಂಕುಮ ಹಚ್ಚಿ, ಅಂಗಡಿಯ ಮುಂಭಾಗದಲ್ಲೇ ಕೂರಿಸಿದರು. ಅವರು ಹೊಲಿಯುತ್ತಿದ್ದುದು ಹೊಸ ಬಟ್ಟೆ ಮಾತ್ರ. ಆ ಗಂಜಿಯ ವಾಸನೆ, ಆ ಗರಿಗರಿ! ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು.

ಹನ್ನೆರಡು ವರ್ಷಕ್ಕೆ ಆ ಸುಖ ಮುಗಿಯಿತು. ಪಿಸೆಯವರು ಕರೆಂಟಿನ ಯಂತ್ರ ತಂದರು. ನನ್ನನ್ನು, ಅವರ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದ ಕಸ್ತೂರೆವ್ವನಿಗೆ ಕೊಟ್ಟುಬಿಟ್ಟರು. ಏಳನೆಯ ವಯಸ್ಸಿಗೇ ಸೂಜಿ ಹಿಡಿದವಳು ಆಕೆ. ನನ್ನನ್ನು ಕಂಡು ಸಂತೋಷಕ್ಕೆ ಅತ್ತಳು. ಅಳಬೇಕಾದದ್ದು ನಾನು.

ಅಂದಿನಿಂದ ಒಂದು ತುಂಡು ಹೊಸ ಬಟ್ಟೆ ನನ್ನ ಬಾಯಿಗೆ ಬಿದ್ದಿಲ್ಲ. ಹರಿದ ಲುಂಗಿ, ಮೊಣಕಾಲು ಸವೆದ ಪ್ಯಾಂಟು, ಮುರಿದ ಕೊಡೆಯ ಬಟ್ಟೆ! ಹೋಗಲಿ ಎನ್ನೋಣ. ಆದರೆ ದಾರ? ಹಳೆಯ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ಆ ದಾರವನ್ನೇ ಉಂಡೆ ಸುತ್ತಿಟ್ಟು, ಮತ್ತೆ ನನಗೇ ಪೋಣಿಸುತ್ತಾಳೆ. ಗೇಣಿಗೊಮ್ಮೆ ಕಡಿಯುತ್ತದೆ. ಬೈಗುಳ ಮಾತ್ರ ನನಗೆ: "ಏನ್ ಸೊಕ್ಕ ಬಂದೈತೋ ಈ ಮುದುಕಿಗೆ!"

ಎದುರುಮನೆಯ ಗಂಗೂಬಾಯಿ ಒಮ್ಮೆ ಹಳೆಯ ಕಿಟಕಿ ಪರದೆ ಕೊಟ್ಟಳು. ಕೆಂಪು ಬಟ್ಟೆಯ ಮೇಲೆ ಹಳದಿ ಗಿಳಿಗಳು. ಕಸ್ತೂರೆವ್ವ ಮೂರು ದಿನ ಅದಕ್ಕೇ ಅಂಟಿಕೊಂಡು, ಮಗಳು ಚಂಪಾಳ ಶಾಲೆಯ ಗ್ಯಾದರಿಂಗಿಗೆ ನೆರಿಗೆಯ ಲಂಗ ಹೊಲಿದಳು. ಚೆಂದವಿತ್ತು, ನಾನೂ ಒಪ್ಪುತ್ತೇನೆ. ಅದನ್ನುಟ್ಟು ಕುಣಿಯಲು ಹೋದ ಚಂಪಾ ಅಳುತ್ತ ಬಂದಳು.

"ಯವ್ವಾ, ಗಂಗೂಬಾಯಿ ಮಗಳು ಶೈಲಿ, 'ನಮ್ಮನಿ ಕಿಟಕಿ ಕುಣಿಯಾಕತ್ತೈತಿ ನೋಡ್ರಲೇ' ಅಂತ ಒದರಿದ್ಲು. ಈಗ ಇಡೀ ಸಾಲಿ ನನ್ನ ಕಿಟಕಿ ಅಂತೈತಿ. ನಾ ಹೋಗಂಗಿಲ್ಲ."

ಹೋಗಲೂ ಇಲ್ಲ. ಒಂಬತ್ತನೆಯ ತರಗತಿಯ ಪುಸ್ತಕಗಳು ಅಟ್ಟ ಸೇರಿದವು, ಲಂಗ ಟ್ರಂಕು ಸೇರಿತು. ಹುಡುಗಿ ಹೊಸ್ತಿಲು ದಾಟುವುದನ್ನೇ ಬಿಟ್ಟಳು.

"ನನ್ನ ಕೈಯ್ಯಾರೆ ಮಗಳ ಸಾಲಿ ಬಿಡಿಸಿದೆ" ಎಂದು ಕಸ್ತೂರೆವ್ವ ನನ್ನ ಮೇಲೆ ಗೋಣಿಚೀಲ ಹೊದಿಸಿದಳು. ಅಂತೂ ಬಿಡುವು ಸಿಕ್ಕಿತೆಂದುಕೊಂಡೆ. ಎರಡು ವರ್ಷದಲ್ಲಿ ಬೆಲ್ಟು ಬಿರಿಯಿತು, ಕೀಲುಗಳಿಗೆ ತುಕ್ಕು ಹಿಡಿಯಿತು, ಡ್ರಾಯರಿನಲ್ಲಿ ಜಿರಲೆಗಳು ಸಂಸಾರ ಹೂಡಿದವು. ಇದೆಂಥ ಬಿಡುವು!

ಒಂದು ಮಧ್ಯಾಹ್ನ, ತಾಯಿ ನೀರಿಗೆ ಹೋದಾಗ, ಗೋಣಿಚೀಲ ಸರಿಯಿತು. ಚಂಪಾ! ಕೈಯಲ್ಲಿ ಅದೇ ಗಿಳಿಯ ಲಂಗ, ಬ್ಲೇಡು. ನನ್ನ ಕೀಲುಗಳಿಗೆ ಎಣ್ಣೆ ಬಿಟ್ಟಳು. ಕೊಬ್ಬರಿ ಎಣ್ಣೆ! ತಲೆಗೆ ಹಚ್ಚುವುದನ್ನು ಯಂತ್ರಕ್ಕೆ! ಆಮೇಲೆ ಲಂಗದ ಹೊಲಿಗೆ ಬಿಚ್ಚಿ ಕುರ್ತಾ ಕತ್ತರಿಸತೊಡಗಿದಳು. ಉಳಿದ ತುಂಡುಗಳು ಚಿಕ್ಕವು, ಮಡಿಚಿ ಜೋಡಿಯಾಗಿ ಕತ್ತರಿಸುವಂತಿರಲಿಲ್ಲ. ತೋಳುಗಳನ್ನು ಒಂದೊಂದಾಗಿ ಕತ್ತರಿಸಿದಳು. ಎರಡೂ ಎಡತೋಳೇ. ನಾನು ಕಂಡೆ. ಹೇಳುವುದು ಹೇಗೆ?

ಕೊಡ ಇಳಿಸಿದ ಕಸ್ತೂರೆವ್ವ ನೋಡಿದಳು, ನಕ್ಕಳು. ಎರಡು ವರ್ಷದಲ್ಲಿ ಅದೇ ಮೊದಲ ನಗು.

"ಹುಚ್ಚಿ, ಎರಡೂ ಎಡದ್ದ ಮಾಡೀಯಲ್ಲ! ಇರ್ಲಿ, ಒಂದನ್ನ ತಿರುವಿ ಹಚ್ಚು."

ಒಂದು ತೋಳಿನಲ್ಲಿ ಹೊಳೆಯುವ ಗಿಳಿ, ತಿರುವಿ ಹಚ್ಚಿದ್ದರಲ್ಲಿ ಬಟ್ಟೆಯ ಒಳಮೈಯ ಮಸುಕು ಗಿಳಿ. ಹಾಕಿಕೊಂಡ ಚಂಪಾ ಹೊಸ್ತಿಲ ಬಳಿ ಬಹಳ ಹೊತ್ತು ನಿಂತಳು. ಆಮೇಲೆ ದಾಟಿದಳು.

"ಬಂತು ನೋಡು ಕಿಟಕಿ!" ಎದುರಿನಿಂದ ಶೈಲಿಯ ದನಿ.

"ಹೂಂ, ನಿಮ್ಮನಿ ಕಿಟಕೀನ. ನಾನ ಹೊಲದೀನಿ" ಎಂದಳು ಚಂಪಾ. ತೋಳೆರಡನ್ನೂ ಮುಂದೆ ಚಾಚಿದಳು. "ಯಾವ ತೋಳು ಚಂದ ಐತಿ ಹೇಳು."

ಶೈಲಿ ಬಂದು ಮುಟ್ಟಿ ನೋಡಿದಳು. "ಮಸುಕಂದು" ಎಂದಳು, ಸಣ್ಣಗೆ.

ಚಂಪಾ ಶಾಲೆಗೆ ಮರಳಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ. ಈಗ ನನ್ನ ಬಂಗಾರದ ಬಳ್ಳಿಗಳು ಅಳಿಸಿವೆ. ಇರುವುದು ಮೂಲೆಯಲ್ಲಿ, ಆದರೂ ಬಿಡುವಿಲ್ಲ: ಊರವರು ತರುವ ಹಳೇ ಬಟ್ಟೆಗಳನ್ನು ಬಿಚ್ಚಿ ಹೊಸದಾಗಿ ಹೊಲಿಯಲು ಬೆಳಿಗ್ಗೆ ತಾಯಿ ತುಳಿಯುತ್ತಾಳೆ, ಮಧ್ಯಾಹ್ನ ಮಗಳು. ನಿನ್ನೆ ಯಾರೋ ಹೊಸ ಬಟ್ಟೆ ತಂದರು. ಗಂಜಿಯ ವಾಸನೆ! ನಾನು ಉಸಿರು ಬಿಗಿಹಿಡಿದು ಕಾದೆ.

"ಇದನ್ನ ಪಿಸೇರ ಅಂಗಡೀಗೆ ಒಯ್ರಿ" ಎಂದಳು ಚಂಪಾ. "ನಮ್ಮಲ್ಲಿ ಹಳೇದಷ್ಟ."

ಅಯ್ಯೋ, ಈ ಮನೆಯವರಿಗೆ ಏನು ಹೇಳಲಿ! ಮತ್ತೆ ಅದೇ ಬಿಚ್ಚಿದ ದಾರ ಪೋಣಿಸಿದಳು. ಗೇಣುದ್ದ ಹೊಲಿದೆ. ಕಡಿಯಿತು. ಮತ್ತೆ ಪೋಣಿಸಿದಳು. ಮತ್ತೆ ಹೊಲಿದೆ.