ಹಿಂದಿನ ಗೋಡೆಯ ಸುಣ್ಣ

ಕಂಪ್ರೆಸರ್ ಸದ್ದು ನಿಂತರೆ ನನ್ನ ಎದೆ ಧಸಕ್ಕೆನ್ನುತ್ತದೆ. ಅದು ಓಡುತ್ತಿದ್ದರೆ ನನ್ನ ಗಂಡ ಮೂಲೆಯಲ್ಲಿ ಕಾರಿಗೆ ಬಣ್ಣ ಹೊಡೆಯುತ್ತಿದ್ದಾರೆ ಎಂದು ಅರ್ಥ. ನಿಂತರೆ ಕೈಯಲ್ಲಿನ ನೀರಿನ ಪೈಪು ಬಿಸಾಕಿ ಓಡಿಹೋಗಿ ಇಣುಕುತ್ತೇನೆ. ಅದೇ ಗ್ಯಾರೇಜಿನಲ್ಲಿ ನಾನು ಕಾರು ತೊಳೆಯುವವಳು. ಎಲ್ಲರೂ ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗುತ್ತದೆ.

ಹೋದ ವರ್ಷ ಬಣ್ಣ ತೆಳುಮಾಡುವ ಥಿನ್ನರ್ ಡಬ್ಬಿಗೆ ಬೆಂಕಿ ಹತ್ತಿತ್ತು. ಬಾಗಿಲ ಕಡೆಯೇ ಉರಿ. ಬಣ್ಣದ ಮೂಲೆಯ ಹಿಂದೆ ತಗಡಿನ ಗೋಡೆ ಕಿತ್ತುಹೋಗಿ ಬಾಗಿಲಷ್ಟು ಅಗಲದ ಸಂದಾಗಿದೆ, ಆಚೆಗೆ ಓಣಿ. ನಮ್ಮವರು ಅಲ್ಲಿಂದ ಹೊರಗೆ ಬಿದ್ದು ಬದುಕಿದರು. ಮುಂಗೈ ಚರ್ಮ ಇವತ್ತಿಗೂ ಸುಟ್ಟ ಕಾಗದದ ಹಾಗೆ ಮುದುರಿದೆ. ಅನ್ನ ಕಲಸುವಾಗ ಅದು ಕಣ್ಣಿಗೆ ಬಿದ್ದರೆ ನನಗೆ ತುತ್ತು ಇಳಿಯುವುದಿಲ್ಲ.

ಈಗ ಓನರಿಗೆ ಹೊಸ ವರ್ಕ್‌ಶಾಪಿನ ಹುಚ್ಚು ಹಿಡಿದಿದೆ. ತಗಡು ಕೆಡವಿ ಗೋಡೆ ಎಬ್ಬಿಸಬೇಕಂತೆ. ಪ್ಲಾನ್ ಬರೆಯಲು ಒಬ್ಬ ಇಂಜಿನಿಯರನ್ನು ಕರೆಸಿದರು. ಆದರೆ ಕಾಗದದ ಮೇಲಿನದು ನಮ್ಮ ಓನರ ತಲೆಗೆ ಹತ್ತುವುದಿಲ್ಲ. ಎಲ್ಲವನ್ನೂ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆಸಿ, ನಿಜವಾದ ಕಾರನ್ನೇ ತಳ್ಳಿಸಿ ನೋಡಬೇಕು.

"ನಿನ್ನ ಕೈ ನೆಟ್ಟಗಿದೆ, ನೀನೇ ಹಾಕು" ಎಂದು ಸುಣ್ಣದ ಬುಟ್ಟಿಯನ್ನು ನನ್ನ ಸೊಂಟಕ್ಕೆ ಏರಿಸಿದರು.

ಇಂಜಿನಿಯರ್ ಟೇಪು ಹಿಡಿದು ಹೇಳುತ್ತಾ ಹೋದ, ನಾನು ಬಗ್ಗಿ ಉದುರಿಸುತ್ತಾ ಹೋದೆ. ಕಾರು ಎತ್ತುವ ಲಿಫ್ಟು ಇಲ್ಲಿ, ಚಕ್ರ ಸರಿಮಾಡುವ ಯಂತ್ರ ಅಲ್ಲಿ. ಮುಂದೆ ಗಿರಾಕಿಗಳಿಗೆ ಗಾಜಿನ ಕೋಣೆ, ಸೋಫಾ, ಕಾಫಿ ಮೆಷಿನ್. ಅದಕ್ಕೆ ಎರಡು ಬಾಗಿಲು. ಬಣ್ಣದ ಕೋಣೆ ಕಟ್ಟಕಡೆಗೆ, ಅದರ ಎದುರಿಗೆ ವೆಲ್ಡಿಂಗ್. ಹಿಂದಿನ ಗೋಡೆ ಬಂದಾಗ ಇಂಜಿನಿಯರ್ ತಗಡಿನ ಸಂದಿನ ಹತ್ತಿರ ನಿಂತ.

"ಸರ್, ಇಲ್ಲಿ ಒಂದು ಬಾಗಿಲು ಬಿಟ್ಟಿದ್ದೆ."

"ಅದನ್ನ ತೆಗ್ದುಬಿಡಿ" ಎಂದರು ಓನರು. "ಹಿಂದೆ ಬಾಗಿಲಿದ್ರೆ ಸ್ಪೇರ್ ಪಾರ್ಟ್ಸ್ ಕಾಲು ಬಂದು ನಡ್ಕೊಂಡ್ ಹೋಗ್ತವೆ. ಇವರನ್ನ ನಾನು ಇವತ್ತು ನೋಡ್ತಿದೀನಾ. ಒಂದೇ ಬಾಗಿಲು, ಅದರ ಮೇಲೊಂದು ಕ್ಯಾಮೆರಾ."

ನಮ್ಮೆದುರಿಗೇ ಹೇಳಿದರು. ಇಷ್ಟು ವರ್ಷದಲ್ಲಿ ಒಂದು ಬೋಲ್ಟು ಹೋಗಿದ್ದರೆ ನನ್ನ ಕೈ ಕಡಿಯಲಿ. ಇಂಜಿನಿಯರ್ ಪ್ಲಾನಿನಲ್ಲಿದ್ದ ಬಾಗಿಲನ್ನು ಹೊಡೆದುಹಾಕಿದ. ಅವನಿಗೂ ಹೊಟ್ಟೆಪಾಡು.

ನಾನು ನಮ್ಮವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ರೀ, ಏನಾದ್ರೂ ಹೇಳ್ರಿ" ಎಂದು ಪಿಸುಗುಟ್ಟಿದೆ.

"ಸುಮ್ನಿರೇ. ಹೊಸ ಜಾಗದಲ್ಲಿ ಎಲ್ಲರಿಗೂ ಕೆಲ್ಸ ಇರಲ್ಲ ಅಂತ ಬೆಳಿಗ್ಗೇನೇ ಹೇಳಿದಾರೆ."

ಬುಟ್ಟಿಗೆ ಕೈ ಹಾಕಿದೆ. ನನ್ನ ಗಂಡ ತಪ್ಪಿಸಿಕೊಂಡ ದಾರಿಗೆ ಅಡ್ಡಲಾಗಿ ನಾನೇ ಈ ಕೈಯಿಂದ ಗೆರೆ ಎಳೆದೆ. ಹಾಳಾದ್ದು, ನೆಟ್ಟಗೇ ಬಂತು.

ಆಮೇಲೆ ತಾಲೀಮು. ಒಂದು ಕಾರನ್ನು ಬಣ್ಣದ ಕೋಣೆಯ ಗೆರೆಯೊಳಗೆ ತಳ್ಳಿದರು. ಓನರು, ಇಂಜಿನಿಯರ್, ನಮ್ಮವರು, ನಾನು ಅಲ್ಲೇ ನಿಂತೆವು. ಕಾರಿನ ನೆಗ್ಗು ತೆಗೆದು ಬೆಸುಗೆ ಹಾಕುವ ಟಿಂಕರಣ್ಣ ಎದುರಿಗೆ ವೆಲ್ಡಿಂಗ್ ಜಾಗದಲ್ಲಿ.

"ಹೂಂ, ವೆಲ್ಡಿಂಗ್ ಶುರು ಮಾಡು. ಜಾಗ ಸಾಕಾಗತ್ತಾ ನೋಡೋಣ" ಎಂದರು ಓನರು.

"ಬೇಡ ಸಾರ್, ಥಿನ್ನರ್ ಒರೆಸಿದ ಬಟ್ಟೆ ಇಲ್ಲೇ ಬಿದ್ದಿದೆ."

"ನಿನ್ನ ಪುರಾಣ ಆಮೇಲೆ. ಹಚ್ಚು."

ಹಚ್ಚಿದ. ಕಿಡಿ ಚಿಮ್ಮಿತು. ಭುಗ್ ಎಂದು ಬಟ್ಟೆಯ ರಾಶಿ ಹೊತ್ತಿಕೊಂಡು ನಮಗೂ ಮುಂಬಾಗಿಲಿಗೂ ನಡುವೆ ಬೆಂಕಿ ಎದ್ದು ನಿಂತಿತು. ನಾನು ಏನೂ ಯೋಚಿಸಲಿಲ್ಲ. ಬುಟ್ಟಿ ಸೊಂಟದಲ್ಲಿರುವಂತೆಯೇ ನಮ್ಮವರ ಅಂಗಿ ಹಿಡಿದು ಸಂದಿನ ಕಡೆಗೆ ಓಡಿದೆ. ಯಾರೋ ನನ್ನನ್ನು ತಳ್ಳಿ ಮುಂದೆ ಹೋದರು.

ಓಣಿಯಲ್ಲಿ ನಿಂತು ಕೆಮ್ಮಿದೆವು. ಒಳಗಿನಿಂದ ಟಿಂಕರಣ್ಣನ ದನಿ ಕೇಳಿತು. "ಆರಿತು. ಮರಳು ಸುರಿದೆ. ಬನ್ನಿ."

ಒಳಗೆ ಬಂದೆವು. ಹಿಂದಿನ ಗೋಡೆಯ ಗೆರೆ ಸಂದಿನ ಎದುರಿಗೆ ಅಳಿಸಿಹೋಗಿತ್ತು. ನಮ್ಮವರ ಚಪ್ಪಲಿಯ ಗುರುತು, ನನ್ನ ಬರಿಗಾಲಿನದು, ಇಂಜಿನಿಯರಿನದು. ಎಲ್ಲಕ್ಕಿಂತ ಮುಂದೆ ಒಂದು ಬೂಟಿನದು. ಓನರ ಕಪ್ಪು ಬೂಟು ಸುಣ್ಣ ಮೆತ್ತಿ ಬೆಳ್ಳಗಾಗಿತ್ತು.

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಗಂಟಲು ಸರಿಮಾಡಿಕೊಂಡರು.

"ಗೆರೆ ಹಾಳಾಗಿದೆ. ಇನ್ನೊಂದ್ಸಲ ಹಾಕು."

"ಬಾಗಿಲು ಬಿಟ್ಟು ಹಾಕ್ಲಾ ಸಾರ್?"

"ಮೊದ್ಲು ಹೇಗಿತ್ತೋ ಹಾಗೆ."

ನಾನು ಸುಣ್ಣ ಮುಟ್ಟದೆ ಕೇಳಿದೆ. "ಗೋಡೆ ಇದ್ದಿದ್ರೆ ನೀವು ಈಗ ಎಲ್ಲಿರ್ತಿದ್ರಿ ಸಾರ್?"

"ನಾನು ಯಾಕಮ್ಮ ಇಲ್ಲಿರ್ತೀನಿ? ಗೋಡೆ ಎದ್ದಮೇಲೆ ನಾನು ಮುಂದೆ ಗಾಜಿನ ಕೋಣೇಲಿ ಕೂತಿರ್ತೀನಿ."

ಸಿಟ್ಟಿನಿಂದಲ್ಲ, ಸಲೀಸಾಗಿ ಹೇಳಿದರು. ಬುಟ್ಟಿ ಕೆಳಗಿಟ್ಟೆ.

"ನನ್ನ ಕೈಲಾಗಲ್ಲ."

"ಆಗದಿದ್ರೆ ಮನೆಗೆ ನಡಿ. ಏ ಟಿಂಕರ್, ನೀನು ಹಾಕು."

ಟಿಂಕರಣ್ಣ ಮರಳಿನ ಬಕೆಟ್ಟು ಹಿಡಿದು ನಿಂತಿದ್ದವನು ನಿಂತೇ ಇದ್ದ. "ನನಗೆ ಗೆರೆ ಸೊಟ್ಟ ಬರತ್ತೆ ಸಾರ್" ಎಂದ. ಇಂಜಿನಿಯರ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ಓನರು ತಾವೇ ಬುಟ್ಟಿಗೆ ಕೈ ಹಾಕಿದರು. ಗೋಡೆಯ ಒಂದು ತುದಿಯಿಂದ ಬಗ್ಗಿ ಬಗ್ಗಿ ಉದುರಿಸುತ್ತಾ ಬಂದರು. ಅಷ್ಟರಲ್ಲಿ ನಮ್ಮವರು ಹೋಗಿ ಸಂದಿನ ಎದುರಿಗೆ, ಗೆರೆ ಅಳಿಸಿದ್ದ ಕಡೆಯೇ ನಿಂತರು. ನಾನು ಹೋಗಿ ಅವರ ಪಕ್ಕ ನಿಂತೆ. ಟಿಂಕರಣ್ಣ ಬಕೆಟ್ಟಿನ ಸಮೇತ ಬಂದು ನನ್ನ ಪಕ್ಕ ನಿಂತ.

ಸುಣ್ಣ ನಮ್ಮವರ ಪಾದದವರೆಗೆ ಬಂದು ನಿಂತಿತು.

"ಕಾಲು ತೆಗಿಯೋ" ಎಂದರು ಓನರು, ಬಗ್ಗಿಕೊಂಡೇ.

ನಾಳೆ ಒಲೆ ಹೊತ್ತುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನಮ್ಮವರ ಸುಟ್ಟ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಯಾರೂ ಕಾಲು ತೆಗೆಯಲಿಲ್ಲ.