ಮಡಕೆ ನನ್ನದು ಎಂದ ಮೀನು

ಬಂತು, ಕಣ್ಣಿನಿಂದ ದವಡೆಗೆ ಕಪ್ಪು ಗೆರೆ ಬಂತು, ಅಥವಾ ಗಾಜಿನ ಮೇಲೆ ನನ್ನದೇ ನೆರಳೋ—ಇಲ್ಲ, ಮೀನಿನದೇ, ನಿನ್ನೆಯವರೆಗೆ ಮರಳಿನ ಬಣ್ಣದ ಬಡಪಾಯಿ, ದೊಡ್ಡವನು ಬಾಲ ಅಲ್ಲಾಡಿಸಿದರೆ ಸಾಕು ಹೆಣ್ಣುಗಳ ಗುಂಪಿನೊಳಗೆ ನುಸುಳಿಕೊಳ್ಳುತ್ತಿದ್ದವನು, ಇವತ್ತು ಲ್ಯಾಬಿನ ದೀಪ ಹಾಕುವ ಮೊದಲೇ ದೊಡ್ಡವನನ್ನು ನಾನೇ ಎತ್ತಿ ಬೇರೆ ತೊಟ್ಟಿಗೆ ಬಿಟ್ಟೆ, ದೀಪ ಹೊತ್ತಿತು, ಇವನು ಅತ್ತ ಇತ್ತ ನೋಡಿದ, ಯಜಮಾನ ಇಲ್ಲ, ಅಷ್ಟೇ, ಯಾರೂ ಹೇಳಿಕೊಡಲಿಲ್ಲ, ಮೈಗೆ ಆಳುವ ಗಂಡಿನ ಹಳದಿ ಏರಿತು, ದೊಡ್ಡವನು ಕಾಯುತ್ತಿದ್ದ ಒಡೆದ ಮಡಕೆ ನನ್ನದು ಅಂದುಬಿಟ್ಟ. ಎಲ್ಲಿಟ್ಟುಕೊಂಡಿದ್ದೆಯಪ್ಪಾ ಇದನ್ನೆಲ್ಲ, ಆ ಕಾಳಿನಷ್ಟು ಮಿದುಳಿನಲ್ಲಿ, ಅದರ ಅಡಿಯ ಎಣಿಸಿಬಿಡುವಷ್ಟೇ ಇರುವ ಕೋಶಗಳಲ್ಲಿ, ಸಂತಾನದ ಹಾರ್ಮೋನಿನ ಜೀನ್ ತುಟಿ ಬಿಚ್ಚದೆ ಕೂತಿತ್ತು, ಈಗ ಮಾತಾಡತೊಡಗಿದೆ, ನಾನು ನೋಡುತ್ತಿರುವಾಗಲೇ—ನನ್ನ ಚಿಕ್ಕ ಮಗಳೂ ಹಾಗೇ, ಅಕ್ಕ ಹಾಸ್ಟೆಲಿಗೆ ಹೋದ ವಾರ ಊಟಕ್ಕೆ ಅಕ್ಕನ ಕುರ್ಚಿಯಲ್ಲೇ ಹೋಗಿ ಕೂತು, ಅಮ್ಮಾ, ನಂಗೆ ಬದನೆಕಾಯಿ ಯಾವತ್ತೂ ಸೇರ್ತಿರ್ಲಿಲ್ಲ ಗೊತ್ತಾ ಅಂದಳು, ನಿಂಗೆ ನಾಲಿಗೆ ಯಾವಾಗ ಬಂತೇ ಅಂದರು ನಮ್ಮನೆಯವರು, ನಾಲಿಗೆ ಇತ್ತಪ್ಪ, ಪಾಳಿ ಬಂದಿರ್ಲಿಲ್ಲ, ನಿದ್ದೆಗಣ್ಣಿನಲ್ಲಿ ತುತ್ತು ನುಂಗುತ್ತಿದ್ದ ನನಗೆ ನಿದ್ದೆ ಹಾರಿಹೋಯಿತು, ಎಷ್ಟು ವರ್ಷದಿಂದ ಬಡಿಸಿದ್ದೆ ಆ ಬದನೆಕಾಯಿ. ಬಣ್ಣ ಬಂತೇನ್ರೀ, ಪಕ್ಕದ ಕೋಣೆಯಿಂದ ಮೇಡಂ, ಬಂತು ಮೇಡಂ, ಮತ್ತೇನು ಹೆಣ್ಣು ನೋಡೋಕೆ ಬಂದವರ ಹಾಗೆ ನೋಡ್ತಾ ಕೂತಿದೀರ, ಐಸ್ ಕರಗತ್ತೆ, ತೆಗೀರಿ—ತೆಗೆಯುವುದೆಂದರೆ ಮಿದುಳನ್ನು, ಕತ್ತರಿಯ ಒಂದೇ ಏಟಿಗೆ, ತಣ್ಣಗಿನ ಕೊಳವೆಗೆ. ಒಂದು ದಿನವಾದರೂ ಆಳಲಿ ಅನಿಸುತ್ತದೆ, ಆದರೆ ನಾಳೆ ತೆಗೆದರೆ ಅದರಲ್ಲಿ ಸಿಗುವುದು ಆಳುವವನ ಅಭ್ಯಾಸ, ಎದ್ದು ನಿಂತ ಗಳಿಗೆಯಲ್ಲ, ಮೇಡಂಗೆ ಬೇಕಾದದ್ದು ಆ ಗಳಿಗೆ, ನನಗೂ ಅದೇ ತಾನೇ ಬೇಕಾದದ್ದು, ಹೇಗೆ ಎದ್ದೆ ಅಂತ ಹೇಳಲು ಇವನಿಗೆ ಬಾಯಿಯಿಲ್ಲ, ಮಿದುಳೇ ಹೇಳಬೇಕು. ಬಲೆ ಇಳಿಸಿದೆ, ನಿನ್ನೆ ಬಲೆಯ ನೆರಳು ಕಂಡರೂ ಕಲ್ಲಿನಡಿ ತೂರುತ್ತಿದ್ದವನು, ಓಡು, ಓಡಬಾರದೇನೋ, ಹುಡುಕುವ ನೆಪದಲ್ಲಾದರೂ ಸ್ವಲ್ಪ ಹೊತ್ತು—ಓಡುತ್ತಿಲ್ಲ, ಮಡಕೆಯ ಬಾಯಿಂದ ಹೊರಗೆ ಬಂದ, ರೆಕ್ಕೆಯೆಲ್ಲ ಸೆಟೆಸಿ ಬಲೆಗೇ ಗುದ್ದಿದ, ಹಿಂದೆ ಸರಿದು ಮತ್ತೆ, ಈ ಸಲ ನನ್ನ ಬೆರಳಿಗೆ, ಎಷ್ಟಿದ್ದೀಯೋ ನೀನು, ಎಷ್ಟಿದೆಯೋ ನನ್ನ ಕೈ, ರೀ, ಆಯ್ತಾ, ಆಯ್ತು ಮೇಡಂ, ಆಯ್ತು, ತಾನಾಗಿ ಬಲೆಯೊಳಗೆ ಬಂದಿದ್ದಾನೆ, ಎತ್ತಿದರೆ ಮುಗಿಯಿತು, ಎತ್ತಬೇಕು, ಕೈ ನೀರಿನಲ್ಲೇ ಇದೆ, ಗೆರೆ, ಕಣ್ಣಿನಿಂದ ದವಡೆಗೆ ಕಪ್ಪು ಗೆರೆ, ನೆಟ್ಟಗೆ ನನ್ನ ಕಡೆ, ಆ ಗೆರೆ